ಅಂಕಿತವೂ ಅಂಕಿಯೂ

ಬರೆದುದು ಯಾರದೆಂದು ಲೋಕಕ್ಕೆ ತಿಳಿದಿರಬೇಕೆಂಬುದು ಬರೆಹದಷ್ಟೇ ಹಳೆಯದಾದ ಬಯಕೆ. ಹನ್ನೆರಡನೆಯ ಶತಮಾನದ ಶರಣರು ಕೀರ್ತಿಯ ಹಂಬಲವನ್ನು ಹಳಿದವರು; ಆದರೂ ತಮ್ಮ ವಚನದ ಕೊನೆಯಲ್ಲಿ ಇಷ್ಟದೈವದ ಹೆಸರನ್ನಿರಿಸುವುದನ್ನು ಅವರು ಬಿಡಲಿಲ್ಲ. ಕೂಡಲಸಂಗಮದೇವನ ಹೆಸರು ಕಿವಿಗೆ ಬಿದ್ದೊಡನೆ ಇದು ಬಸವಣ್ಣನವರ ವಚನವೆಂದೂ, ಚೆನ್ನಮಲ್ಲಿಕಾರ್ಜುನನ ಹೆಸರು ಬಂದೊಡನೆ ಇದು ಅಕ್ಕಮಹಾದೇವಿಯ ಮಾತೆಂದೂ ಅಕ್ಷರ ಬಾರದವರು ಕೂಡ ಗುರುತಿಸಬಲ್ಲರು. ಹರಿದಾಸರೂ ಇದೇ ಹಾದಿಯಲ್ಲಿ ನಡೆದರು. ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ದಾಟುವ ಮಾತು ತನ್ನ ಒಡೆಯನನ್ನು ಕಳೆದುಕೊಳ್ಳದಂತೆ ಹಾಕಿದ ಗಂಟು ಈ ಅಂಕಿತ.

ಅಂಥ ಗಂಟಿಲ್ಲದ ಕಡೆ ಪಂಡಿತರು ಪಟ್ಟ ಪಾಡು ಅಷ್ಟಿಷ್ಟಲ್ಲ. ಕನ್ನಡ ತರಗತಿಗೆ ಹೊಸದಾಗಿ ಬಂದ ವಿದ್ಯಾರ್ಥಿ, ಪಂಪಭಾರತವನ್ನು ಬರೆದ ಪಂಪನೇ ಪಂಪರಾಮಾಯಣವನ್ನೂ ಬರೆದನೆಂದು ತಿಳಿಯುವುದು ಇಂದಿಗೂ ಉಂಟು. ಎರಡನೆಯದು, ತನ್ನನ್ನು ಅಭಿನವಪಂಪನೆಂದು ಕರೆದುಕೊಂಡ ನಾಗಚಂದ್ರನ ಕೃತಿ. ನಾಗವರ್ಮನೆಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದುದರಿಂದ, ಯಾವ ಗ್ರಂಥ ಯಾರದೆಂದು ಬಿಡಿಸುವುದರಲ್ಲಿ ವಿದ್ವಾಂಸರ ಎಷ್ಟೋ ಇರುಳುಗಳು ಸಂದುಹೋದುವು. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ' 1907, 1919 ಮತ್ತು 1929ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಾಗ ಈ ತೊಡಕಿಗೆ ಒಂದು ದಾರಿ ಕಂಡಿತು. ಕವಿಯ ಹೆಸರು, ಕಾಲ, ಆಶ್ರಯ, ಗ್ರಂಥಗಳು, ಅವನು ಸ್ಮರಿಸಿದ ಹಿಂದಿನ ಕವಿಗಳು, ಅವನನ್ನು ಸ್ಮರಿಸಿದ ಮುಂದಿನ ಕವಿಗಳು – ಇವೆಲ್ಲವೂ ಅಲ್ಲಿ ಒಂದೆಡೆ ಸೇರಿದುವು. ಯಾರು ಯಾರನ್ನು ನೆನೆದರು ಎಂಬುದು ಕಾಲನಿರ್ಣಯಕ್ಕೂ ಕವಿಯ ಹಿರಿಮೆಗೂ ಒಂದು ಸಾಕ್ಷ್ಯವಾಯಿತು.

ಅಂಥದೊಂದು ಕವಿಚರಿತೆ ಇಂದು ಬದುಕಿರುವ ವಿದ್ವಾಂಸರಿಗಾಗಿ, ಗಣಕಯಂತ್ರದಲ್ಲಿ, ದಿನದಿನವೂ ರಚಿತವಾಗುತ್ತಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಗ್ರಂಥಾಲಯದವರು 2003ರಲ್ಲಿ 'ವೀವೋ' ಎಂಬ ವ್ಯವಸ್ಥೆಯನ್ನು ಆರಂಭಿಸಿದರು. ಒಂದೇ ಆವರಣದಲ್ಲಿ ಕೆಲಸಮಾಡುವ ಜೀವವಿಜ್ಞಾನಿಗಳಿಗೆ ಪಕ್ಕದ ಕಟ್ಟಡದಲ್ಲಿ ಯಾರು ಯಾವ ಸಂಶೋಧನೆಯಲ್ಲಿ ತೊಡಗಿದ್ದಾರೆಂಬುದು ತಿಳಿಯಲಿ ಎಂಬುದು ಅದರ ಮೊದಲ ಉದ್ದೇಶ. ಡೆನ್ಮಾರ್ಕಿನಲ್ಲಿ ಹುಟ್ಟಿದ 'ಪ್ಯೂರ್' ಎಂಬುದನ್ನು 2012ರಲ್ಲಿ ಎಲ್ಸೆವಿಯರ್ ಪ್ರಕಾಶನ ಸಂಸ್ಥೆ ಕೊಂಡುಕೊಂಡಿತು. ಭಾರತದಲ್ಲಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ 'ವಿದ್ವಾನ್' ಎಂಬ ತಜ್ಞರ ಪಟ್ಟಿಯನ್ನೂ, 'ಐರಿನ್ಸ್' ಎಂಬ ಸಂಶೋಧನ ಪರಿಚಯ ವ್ಯವಸ್ಥೆಯನ್ನೂ ನಡೆಸುತ್ತಿದೆ. ಕರ್ನಾಟಕದ ವಿಶ್ವವಿದ್ಯಾನಿಲಯಗಳೂ ಸೇರಿದಂತೆ ದೇಶದ ನೂರಾರು ಸಂಸ್ಥೆಗಳ ಅಧ್ಯಾಪಕರಿಗೆ ಅದರಲ್ಲಿ ಒಂದೊಂದು ಪುಟ ಉಂಟು. ಭಾವಚಿತ್ರ, ಪದವಿ, ಹುದ್ದೆ, ಬರೆದ ಲೇಖನಗಳು, ಜೊತೆಯಲ್ಲಿ ಬರೆದವರು, ಆ ಲೇಖನಗಳನ್ನು ಇತರರು ಉಲ್ಲೇಖಿಸಿದ ಸಂಖ್ಯೆ – ಮದುವೆಗೆ ಮುನ್ನ ಕೈಬದಲಾಗುವ ಜಾತಕದಂತೆ ಎಲ್ಲವೂ ಒಂದೇ ನೋಟಕ್ಕೆ ಸಿಕ್ಕುವಂತಿರುತ್ತದೆ.

ಈ ಜಾತಕವನ್ನು ಬರೆಯುವವರು ಯಾರು? ಸ್ವಲ್ಪ ಭಾಗವನ್ನು ಅಧ್ಯಾಪಕರೇ ತುಂಬುತ್ತಾರೆ. ಉಳಿದುದನ್ನು ಯಂತ್ರವೇ ದೊಡ್ಡ ದೊಡ್ಡ ಸೂಚಿಗಳಿಂದ ತಂದು ಸೇರಿಸುತ್ತದೆ. ಅಂಥ ಸೂಚಿಗಳ ಹಿರಿಯಣ್ಣನೆಂದರೆ ಯೂಜೀನ್ ಗಾರ್ಫೀಲ್ಡ್ ಎಂಬವರು 1964ರಲ್ಲಿ ಫಿಲಡೆಲ್ಫಿಯಾದಿಂದ ಹೊರತಂದ ವಿಜ್ಞಾನ ಉಲ್ಲೇಖ ಸೂಚಿ. ಅದರ ಇಂದಿನ ರೂಪ 'ವೆಬ್ ಆಫ್ ಸೈನ್ಸ್'. ಇನ್ನೊಂದು 2004ರಲ್ಲಿ ಬಂದ 'ಸ್ಕೋಪಸ್'. ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಇದಕ್ಕೆ ಇನ್ನೊಂದು ಲೆಕ್ಕವನ್ನು ಜೋಡಿಸಿದರು. ಒಬ್ಬರ ಲೇಖನಗಳಲ್ಲಿ ಹತ್ತು ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವರ ಸೂಚ್ಯಂಕ ಹತ್ತು. ಇಪ್ಪತ್ತು ಲೇಖನಗಳು ತಲಾ ಇಪ್ಪತ್ತು ಬಾರಿಯಾದರೆ ಇಪ್ಪತ್ತು. ಮಗ್ಗಿ ಬಲ್ಲ ಯಾರಿಗೂ ಅರ್ಥವಾಗುವ ಲೆಕ್ಕ. ಅದರ ಬಲವೂ ಅಷ್ಟೇ, ಅಪಾಯವೂ ಅಷ್ಟೇ.

ಇನ್ನು ಹೆಸರಿನ ಗೊಂದಲ. ಪಾಟೀಲ, ಕುಲಕರ್ಣಿ, ಗೌಡ, ರಾವ್ ಎಂಬ ಹೆಸರುಗಳ ಮುಂದೆ ಒಂದೆರಡು ಇನಿಷಿಯಲ್ಲುಗಳನ್ನಿಟ್ಟು ಬರೆಯುವ ನಾಡು ಕರ್ನಾಟಕ. ಆ ಇನಿಷಿಯಲ್ಲಿನಲ್ಲಿ ಒಂದು ಊರಿನದು, ಒಂದು ತಂದೆಯದು. ಲಕ್ಷ್ಮಿ ಎಂಬ ಹೆಸರಿನ 'ಕ್ಷ'ಕಾರಕ್ಕೆ ಕೆಲವರು ಇಂಗ್ಲಿಷಿನ ಮೂರು ಅಕ್ಷರಗಳನ್ನು ಬಳಸಿದರೆ ಕೆಲವರು 'ಎಕ್ಸ್' ಒಂದನ್ನೇ ಬಳಸುತ್ತಾರೆ. ಮದುವೆಯಾದ ಮೇಲೆ ಹೆಸರಿನ ಬಾಲ ಬದಲಾದ ಹೆಣ್ಣುಮಗಳ ವಿದ್ವತ್ತು ಯಂತ್ರದ ಕಣ್ಣಿಗೆ ಇಬ್ಬರ ವಿದ್ವತ್ತಾಗಿ ಒಡೆದುಹೋಗುತ್ತದೆ. ಇದಕ್ಕೆ ಮದ್ದಾಗಿ 2012ರಲ್ಲಿ ಬಂದುದು 'ಆರ್ಕಿಡ್' ಎಂಬ ಸಂಖ್ಯೆ. ನಾಲ್ಕು ನಾಲ್ಕಾಗಿ ಬರೆಯುವ ಹದಿನಾರು ಸ್ಥಾನಗಳು. ಮೊದಲ ಹದಿನೈದರಿಂದ ಗುಣಿಸಿ ಕೂಡಿ ಪಡೆದುದು ಕೊನೆಯದು. ನಡುವೆ ಒಂದಂಕಿ ತಪ್ಪಿ ಬರೆದರೆ ಕೊನೆಯ ಅಂಕಿ ಹೊಂದದೆ ತಪ್ಪನ್ನು ಹಿಡಿದುಕೊಡುತ್ತದೆ. ಊರು ಬದಲಾಗಲಿ, ಕೆಲಸ ಬದಲಾಗಲಿ, ಹೆಸರೇ ಬದಲಾಗಲಿ, ಸಂಖ್ಯೆ ಬದಲಾಗದು. ಕಾಸಿಲ್ಲದೆ ಯಾರು ಬೇಕಾದರೂ ಪಡೆಯಬಹುದು. ಅಂಕಿತವೇ ಅಂಕಿಯಾಗಿ ಮರಳಿ ಬಂದಿತೆನ್ನಬೇಕು.

ಇಂಥದೊಂದು ವ್ಯವಸ್ಥೆ ಕಾಲಿಟ್ಟ ವಿಶ್ವವಿದ್ಯಾನಿಲಯವೊಂದರಲ್ಲಿ ಕನ್ನಡ ಅಧ್ಯಾಪಕರೊಬ್ಬರಿದ್ದರು. ಮೂವತ್ತು ವರ್ಷ ಪಾಠ ಹೇಳಿ ತಲೆ ನರೆತವರು. ಎಲ್ಲರ ಬಾಯಲ್ಲಿಯೂ ಅವರು ಮೇಷ್ಟ್ರು. ತಿಂಗಳೊಪ್ಪತ್ತಿನಲ್ಲಿ ಎಲ್ಲರೂ ತಮ್ಮ ಪರಿಚಯಪುಟವನ್ನು ಪರಿಶೀಲಿಸಿ ಪೂರ್ಣಗೊಳಿಸತಕ್ಕದ್ದೆಂದು ಕಚೇರಿಯ ಸುತ್ತೋಲೆ ಬಂದಾಗ, ಮೇಷ್ಟ್ರು ಅದನ್ನು ಮಡಿಸಿ, ತಾವು ಓದುತ್ತಿದ್ದ ಪುಸ್ತಕಕ್ಕೆ ಗುರುತಾಗಿ ಇಟ್ಟುಕೊಂಡರು. ಎರಡನೆಯ ಸುತ್ತೋಲೆ ಇನ್ನೊಂದು ಪುಸ್ತಕಕ್ಕೆ ಒದಗಿತು. ಮೂರನೆಯದು ಬರುವ ಹೊತ್ತಿಗೆ ಗ್ರಂಥಪಾಲಕಿಯೇ ಅವರ ಕೊಠಡಿಗೆ ಬಂದರು.

“ಸಾರ್, ನಿಮ್ಮ ಆರ್ಕಿಡ್ ಇನ್ನೂ ಆಗಿಲ್ಲ.”

“ಅಲ್ಲಮ್ಮ, ನಮ್ಮ ಮನೆಯಲ್ಲಿ ತುಳಸಿಗೇ ಬಿಸಿಲು ಸಾಲದು. ಆರ್ಕಿಡ್ ಎಲ್ಲಿ ಬೆಳೆಸಲಿ?” ಎಂದರು ಮೇಷ್ಟ್ರು.

ಆಕೆ ನಕ್ಕು, ಯಂತ್ರವನ್ನು ತೆರೆದು, ಅವರ ಪುಟವನ್ನು ತೋರಿಸಿದರು. ಮೇಷ್ಟ್ರು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿದರು. ಪುಟದಲ್ಲಿ ಮೂರು ಲೇಖನಗಳಿದ್ದುವು. ಒಂದು ಲೋಹದ ತುಕ್ಕನ್ನು ಕುರಿತದ್ದು, ಉಳಿದೆರಡು ಯಾವುದೋ ಲವಣದ ಹರಳುಗಳನ್ನು ಕುರಿತವು. ಅದೇ ಇನಿಷಿಯಲ್ಲು, ಅದೇ ಹೆಸರು ಇದ್ದ ರಸಾಯನಶಾಸ್ತ್ರಜ್ಞರೊಬ್ಬರ ದುಡಿಮೆ ಅದು. ಮೇಷ್ಟ್ರು ಜೀವಮಾನದಲ್ಲಿ ಬರೆದ ಆರು ಪುಸ್ತಕಗಳಾಗಲಿ, ಸಂಪಾದಿಸಿದ ಎರಡು ಹಳಗನ್ನಡ ಗ್ರಂಥಗಳಾಗಲಿ, ಪತ್ರಿಕೆಗಳಲ್ಲಿ ಬಂದ ಐವತ್ತು ಅರವತ್ತು ಲೇಖನಗಳಾಗಲಿ ಒಂದೂ ಇರಲಿಲ್ಲ.

“ನಾಗವರ್ಮನ ಪಾಡು ನನಗೂ ಬಂತು” ಎಂದು ಮೇಷ್ಟ್ರು ನಕ್ಕುಬಿಟ್ಟರು. “ಆ ಪುಣ್ಯಾತ್ಮರ ಲೇಖನ ಅವರಿಗೆ ಸೇರಲಿ. ನನ್ನದು ಇಲ್ಲದಿದ್ದರೆ ಏನಂತೆ? ನನಗಿನ್ನು ಎರಡು ವರ್ಷ ಸರ್ವೀಸು. ಇದ್ದರೂ ಸೊನ್ನೆ, ಇಲ್ಲದಿದ್ದರೂ ಸೊನ್ನೆ.”

ಮಾತು ಅಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ಅದೇ ವಿಭಾಗದಲ್ಲಿ ಇನ್ನೂ ನಲವತ್ತು ತುಂಬದ ಅಧ್ಯಾಪಕಿಯೊಬ್ಬರಿದ್ದರು. ಹಳ್ಳಿಯ ಮನೆಯೊಂದರ ಅಟ್ಟದಲ್ಲಿ ಸಿಕ್ಕ ತಾಳೆಗರಿಯ ಕಟ್ಟನ್ನು ಆರು ವರ್ಷ ಕೂತು ಓದಿ, ಪಾಠಾಂತರಗಳನ್ನು ಗುರುತಿಸಿ, ಅರ್ಥಕೋಶ ಸಹಿತ ಅಚ್ಚುಮಾಡಿಸಿದ್ದರು. ಕಿತ್ತುಹೋದ ಗರಿಗಳ ಅಂಚಿಗೆ ಎಣ್ಣೆ ಸವರಿ, ಭೂತಗನ್ನಡಿ ಹಿಡಿದು, ಮಗುವನ್ನು ಮಲಗಿಸಿದ ಮೇಲೆ ನಡುರಾತ್ರಿಯವರೆಗೆ ಮಾಡಿದ ಕೆಲಸ ಅದು. ಆಕೆಯ ಪದೋನ್ನತಿಯ ಅರ್ಜಿ ಸಮಿತಿಯ ಮುಂದೆ ಬಂದಾಗ, ಅರ್ಜಿಯ ಮೇಲೆ ಪರಿಚಯಪುಟದ ಪ್ರತಿ ಇತ್ತು. ಅದರಲ್ಲಿ ಪ್ರಕಟಣೆ ಎರಡು, ಉಲ್ಲೇಖ ಸೊನ್ನೆ. ಮದುವೆಗೆ ಮುಂಚಿನ ಹೆಸರಿನಲ್ಲಿ ಬಂದ ಲೇಖನಗಳು ಬೇರೆ ಯಾರದೋ ಆಗಿಹೋಗಿದ್ದುವು. ಕನ್ನಡದವು ಸೂಚಿಯಲ್ಲೇ ಇರಲಿಲ್ಲ. ದಾಖಲೆ ಸಾಲದೆಂದು ಅರ್ಜಿಯನ್ನು ಮುಂದಿನ ವರ್ಷಕ್ಕೆ ತಳ್ಳಲಾಯಿತು. ಸಮಿತಿಯ ಸದಸ್ಯರು ಕೆಟ್ಟವರಲ್ಲ. ಅವರಿಗೆ ಒಂದು ದಿನದಲ್ಲಿ ಮೂವತ್ತು ಅರ್ಜಿಗಳನ್ನು ನೋಡಬೇಕಾಗಿತ್ತು. ಪುಸ್ತಕವನ್ನು ತೆರೆಯುವುದಕ್ಕಿಂತ ಅಂಕಿಯನ್ನು ನೋಡುವುದು ಬೇಗ ಆಗುವ ಕೆಲಸ.

ಆ ಸಂಜೆ ಮೇಷ್ಟ್ರು ತಾವಾಗಿಯೇ ಗ್ರಂಥಾಲಯಕ್ಕೆ ಹೋದರು. “ನನ್ನ ಸೊನ್ನೆ ನನ್ನೊಬ್ಬನದು ಎಂದುಕೊಂಡಿದ್ದೆ, ತಾಯಿ. ಅದು ಇಡೀ ವಿಭಾಗಕ್ಕೆ ಅಂಟಿದ ಸೊನ್ನೆ. ಎಲ್ಲಿಂದ ಶುರುಮಾಡೋಣ, ಹೇಳಿ” ಎಂದರು.

ಮುಂದಿನ ಎರಡು ತಿಂಗಳು ಆ ಗ್ರಂಥಾಲಯದ ಮೂಲೆಯೊಂದು ಕವಿಚರಿತೆಯ ಕಾರ್ಯಾಗಾರವಾಯಿತು. ಮೇಷ್ಟ್ರು ಮನೆಯ ಬೀರುವಿನಿಂದ ಹಳೆಯ ಸಂಚಿಕೆಗಳನ್ನು ಚೀಲದಲ್ಲಿ ತುಂಬಿ ತಂದರು. ಮೊದಲ ದಿನವೇ ಒಂದು ವಿಘ್ನ ಬಂದಿತು. ಅವರು ಬಹಳ ಹಿಂದೆ ಟೈಪು ಮಾಡಿಸಿಟ್ಟಿದ್ದ ಪಟ್ಟಿ ಯೂನಿಕೋಡ್ ಅಲ್ಲದ ಹಳೆಯ ಲಿಪಿಯಲ್ಲಿತ್ತು. ಜಾಲತಾಣಕ್ಕೆ ಇಳಿಸಿದೊಡನೆ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಹಾಗೂ ಚಿಹ್ನೆಗಳ ರಾಶಿಯಾಯಿತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದ್ದರೂ, ಎಷ್ಟೋ ವರ್ಷಗಳ ಕನ್ನಡ ಬರೆಹ ಹೀಗೆ ಯಂತ್ರಕ್ಕೆ ಓದಲು ಬಾರದ ಲಿಪಿಯಲ್ಲಿ ಉಳಿದಿದೆ. ಪಟ್ಟಿಯನ್ನು ಮೊದಲಿನಿಂದ ಬರೆಯಬೇಕಾಯಿತು. ಪ್ರತಿಯೊಂದು ಲೇಖನಕ್ಕೂ ಶೀರ್ಷಿಕೆಯನ್ನು ಕನ್ನಡದಲ್ಲಿಯೂ, ಅದರ ಅರ್ಥವನ್ನು ಇಂಗ್ಲಿಷಿನಲ್ಲಿಯೂ ಕೊಟ್ಟರು. ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ಪುಟ, ವರ್ಷ ಎಲ್ಲವನ್ನೂ ಹಳಗನ್ನಡದ ಅಡಿಟಿಪ್ಪಣಿಯಷ್ಟೇ ನಿಷ್ಠೆಯಿಂದ ಬರೆದರು. ಗ್ರಂಥಪಾಲಕಿ ಎಲ್ಲರಿಗೂ ಆರ್ಕಿಡ್ ಮಾಡಿಕೊಟ್ಟರು. ಅಧ್ಯಾಪಕಿಯ ಎರಡು ಹೆಸರುಗಳನ್ನು ಒಂದು ಸಂಖ್ಯೆಯ ಕೆಳಗೆ ಕೂಡಿಸಿದರು. ರಸಾಯನಶಾಸ್ತ್ರಜ್ಞರ ಮೂರು ಲೇಖನಗಳನ್ನು ಮೇಷ್ಟ್ರು ತಮ್ಮ ಕೈಯಿಂದಲೇ ಅಳಿಸಿದರು. “ಪರರ ಸ್ವತ್ತು ಮನೆಯಲ್ಲಿದ್ದರೆ ನಿದ್ದೆ ಬಾರದು” ಎಂದರಂತೆ.

ವಿಭಾಗದ ಪುಟಗಳು ತುಂಬಿದುವು. ಆದರೆ ಎಷ್ಟು ತುಂಬಿದರೂ ಉಲ್ಲೇಖದ ಮನೆಯಲ್ಲಿ ಸೊನ್ನೆ ಕದಲಲಿಲ್ಲ. ಅದಕ್ಕೆ ಕಾರಣ ಅವರ ವಿದ್ವತ್ತಿನಲ್ಲಿರಲಿಲ್ಲ, ಲೆಕ್ಕದ ಬೇರಿನಲ್ಲಿತ್ತು. ಸ್ಕೋಪಸ್ ಸೂಚಿಗೆ ಸೇರಬೇಕಾದರೆ ಪತ್ರಿಕೆಯ ಲೇಖನಗಳಿಗೆ ಇಂಗ್ಲಿಷ್ ಶೀರ್ಷಿಕೆ, ಇಂಗ್ಲಿಷ್ ಸಾರಾಂಶ, ರೋಮನ್ ಲಿಪಿಯಲ್ಲಿ ಆಧಾರಗ್ರಂಥಗಳ ಪಟ್ಟಿ ಇರಬೇಕೆಂಬುದು ನಿಯಮ. ಕನ್ನಡದ ಲೇಖನವೊಂದು ಕನ್ನಡದ ಇನ್ನೊಂದು ಲೇಖನವನ್ನು ಕನ್ನಡ ಲಿಪಿಯಲ್ಲಿ ನೆನೆದರೆ ಆ ನೆನಪು ಎಣಿಕೆಗೆ ಬಾರದು. ಭಾರತದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 2016ರಿಂದ ಶ್ರೇಯಾಂಕ ನೀಡುತ್ತಿರುವ ಎನ್.ಐ.ಆರ್.ಎಫ್. ಕೂಡ ಪ್ರಕಟಣೆಗಳ ಲೆಕ್ಕವನ್ನು ಇಂಥ ಸೂಚಿಗಳಿಂದಲೇ ತೆಗೆದುಕೊಳ್ಳುತ್ತ ಬಂದಿದೆ. ಬಲೆಯ ಕಣ್ಣು ಎಷ್ಟಿದೆಯೋ ಅಷ್ಟು ಗಾತ್ರದ ಮೀನು ಮಾತ್ರ ಸಿಕ್ಕುತ್ತದೆ. ಸಿಕ್ಕದ ಮೀನು ಹೊಳೆಯಲ್ಲಿ ಇಲ್ಲವೇ ಇಲ್ಲ ಎನ್ನುವುದು ಬೆಸ್ತನ ಮಾತಾಗಲಾರದು.

ಬೇರೆ ಬಗೆಯ ಬಲೆ ಹೆಣೆಯುವುದು ಅಸಾಧ್ಯವೇನಲ್ಲ. ನಾರ್ವೆ ದೇಶದ ಜನಸಂಖ್ಯೆ ಸುಮಾರು 55 ಲಕ್ಷ. 2011ರ ಜನಗಣತಿಯಂತೆ ಕನ್ನಡವನ್ನು ತಾಯಿನುಡಿಯೆಂದು ಹೇಳಿದವರೇ ಸುಮಾರು 4.37 ಕೋಟಿ. ಅಷ್ಟು ಚಿಕ್ಕ ನಾಡು 2011ರಲ್ಲಿ 'ಕ್ರಿಸ್ಟಿನ್' ಎಂಬ ರಾಷ್ಟ್ರೀಯ ವ್ಯವಸ್ಥೆಯನ್ನು ಕಟ್ಟಿತು. ಹೊರಗಿನ ಸೂಚಿಗಳನ್ನಷ್ಟೇ ನಂಬದೆ, ನಾರ್ವೇಜಿಯನ್ ಭಾಷೆಯ ಪುಸ್ತಕ, ಲೇಖನಗಳೂ ಅದರಲ್ಲಿ ದಾಖಲಾಗಿ ಲೆಕ್ಕಕ್ಕೆ ಬರುವಂತೆ ಮಾಡಿತು. 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಲೈಡನ್ ಘೋಷಣೆಯ ಹತ್ತು ತತ್ತ್ವಗಳಲ್ಲಿ ಒಂದು, ಆಯಾ ನಾಡಿಗೆ ಬೇಕಾದ ಸಂಶೋಧನೆಯ ಹಿರಿಮೆಯನ್ನು ಕಾಪಾಡಬೇಕೆನ್ನುತ್ತದೆ. ಇಂಗ್ಲಿಷಿನಲ್ಲಿ ಬರೆದುದಷ್ಟೇ ಶ್ರೇಷ್ಠವೆಂದು ಎಣಿಸಿದರೆ ಸ್ಥಳೀಯ ವಿಷಯಗಳನ್ನು ಕೈಗೆತ್ತಿಕೊಳ್ಳುವವರೇ ಇಲ್ಲವಾಗುತ್ತಾರೆಂಬುದು ಅದರ ಎಚ್ಚರಿಕೆ. ಎಚ್ಚರಿಕೆ ಕನ್ನಡಕ್ಕೂ ಸಲ್ಲುತ್ತದೆ. ಅಟ್ಟದ ಮೇಲಿನ ತಾಳೆಗರಿಗೆ ಅಂತರರಾಷ್ಟ್ರೀಯ ಸೂಚಿಯಲ್ಲಿ ಬೆಲೆಯಿಲ್ಲವೆಂದು ತಿಳಿದ ತರುಣನೊಬ್ಬ ಅಟ್ಟವನ್ನು ಹತ್ತದೆ ಹಿಂದಿರುಗಿದರೆ, ಆ ಗರಿಯನ್ನು ಗೆದ್ದಲು ಓದಿ ಮುಗಿಸುತ್ತದೆ.

ಆದುದರಿಂದ ವ್ಯವಸ್ಥೆಯನ್ನೇ ಬೈದು ಬದಿಗಿಡುವುದರಿಂದ ಪ್ರಯೋಜನವಿಲ್ಲ. ಅದು ಅಧ್ಯಾಪಕರು ತಾವೇ ಬರೆದು ಸೇರಿಸಿದುದನ್ನು ನಿರಾಕರಿಸುವುದಿಲ್ಲ. ಕನ್ನಡ ಲಿಪಿಯನ್ನೂ ತಾಳಿಕೊಳ್ಳುತ್ತದೆ. ಕನ್ನಡದ ವಿದ್ವತ್ಪತ್ರಿಕೆಗಳು ಪ್ರತಿಯೊಂದು ಲೇಖನಕ್ಕೂ ಒಂದು ಸಾರಾಂಶ, ಯೂನಿಕೋಡ್ ಪಠ್ಯ, ಕಳೆದುಹೋಗದ ಒಂದು ಗುರುತುಸಂಖ್ಯೆ ಕೊಡುವ ಶಿಸ್ತನ್ನು ರೂಢಿಸಿಕೊಂಡರೆ ಅರ್ಧ ಕೆಲಸ ಆದಂತೆ. ಉಳಿದರ್ಧ, ಪುಟವನ್ನು ಓದುವವರದು. ಖಾಲಿ ಮನೆಯನ್ನು ಕಂಡಾಗ ಇವರು ಏನೂ ಬರೆದಿಲ್ಲವೆಂದುಕೊಳ್ಳದೆ, ಇವರು ಬರೆದುದನ್ನು ಎಣಿಸಲು ಬರುವವರಿಲ್ಲವೇನೋ ಎಂದು ಒಮ್ಮೆ ಕೇಳಿಕೊಳ್ಳುವುದು.

ಮುಂದಿನ ವರ್ಷ ಅದೇ ಸಮಿತಿ ಮತ್ತೆ ಸೇರಿತು. ಅಧ್ಯಾಪಕಿಯ ಪುಟದಲ್ಲಿ ಈಗ ಹದಿನಾಲ್ಕು ಲೇಖನಗಳೂ ತಾಳೆಗರಿಯ ಗ್ರಂಥವೂ ಇದ್ದುವು; ಸೊನ್ನೆ ಹಾಗೆಯೇ ಇತ್ತು. ಸದಸ್ಯರೊಬ್ಬರು ಆ ಗ್ರಂಥದ ಹೆಸರನ್ನು ಪಟ್ಟಿಯಲ್ಲಿ ಕಂಡು, ಪ್ರತಿಯನ್ನು ತರಿಸಿಕೊಂಡು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಓದುತ್ತ ಕೂತರು. ಪದೋನ್ನತಿ ದೊರೆಯಿತು, ಒಂದು ವರ್ಷ ತಡವಾಗಿ. ಆ ಒಂದು ವರ್ಷದ ಸಂಬಳವೂ ಹಿರಿತನವೂ ಯಾವ ಪುಟದಲ್ಲಿಯೂ ದಾಖಲಾಗುವಂಥವಲ್ಲ. ಸದಸ್ಯರು ಪುಸ್ತಕವನ್ನು ಮಾತ್ರ ಹಿಂದಿರುಗಿಸಲಿಲ್ಲ.

ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗದಲ್ಲಿ ಕನ್ನಡ ವಿದ್ವಾಂಸರ ಮೊದಲ ಪಟ್ಟಿಯೊಂದಿದೆ. ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯ ಬರೆದ ನಾಲ್ವರ ಹೆಸರು ಅಲ್ಲಿ ಬರುತ್ತದೆ. ಅವರ ಕನ್ನಡ ಗದ್ಯದ ಒಂದು ಗ್ರಂಥವೂ ಇಂದಿಗೆ ಉಳಿದಿಲ್ಲ. ಆ ಒಂದು ಪಟ್ಟಿಯಿಲ್ಲದಿದ್ದರೆ, ಕನ್ನಡದಲ್ಲಿ ಅಷ್ಟು ಹಿಂದೆಯೇ ಗದ್ಯ ಬರೆದವರಿದ್ದರೆಂಬ ಸಂಗತಿಯೇ ಮರೆಯಾಗುತ್ತಿತ್ತು. ಪಟ್ಟಿಯ ಮಹಿಮೆ ಅಷ್ಟು ದೊಡ್ಡದು. ಆದರೆ ಆ ಪಟ್ಟಿ ಯಾರು ಎಷ್ಟು ಬರೆದರೆಂದು ಎಣಿಸಹೋಗಿಲ್ಲ. ಓದಿ ಮೆಚ್ಚಿದವರು ಮುಂದಿನವರಿಗಾಗಿ ಹೇಳಿಟ್ಟ ಹೆಸರುಗಳಂತೆ ಅವು ತೋರುತ್ತವೆ. ಗಾಂಧಿನಗರದ ಯಂತ್ರದಲ್ಲಾಗಲಿ, ಕಾರ್ನೆಲಿನ ಯಂತ್ರದಲ್ಲಾಗಲಿ ಇಂದು ಬೆಳೆಯುತ್ತಿರುವ ಪಟ್ಟಿಗಳಿಗೂ ಅದಕ್ಕಿಂತ ಹೆಚ್ಚಿನ ಗೌರವ ಬೇಕಿಲ್ಲ. ಯಾರನ್ನು ಓದಬೇಕೆಂದು ತೋರಿಸಿಕೊಟ್ಟರೆ ಅವುಗಳ ಕೆಲಸ ಮುಗಿಯಿತು. ಓದುವ ಕೆಲಸ ಮನುಷ್ಯರಿಗೆ ಉಳಿದೇ ಇರುತ್ತದೆ.